ಮೊದಲ ಕೋಷ್ಟಕದಲ್ಲಿ ಯಾರಿದ್ದಾರೆ?

ಪ್ರಸಾರವಾದ ಮಾತನ್ನು ಓದುವುದಕ್ಕೆಂದು ಇಲ್ಲಿ ಕೊಟ್ಟಿದ್ದೇವೆ.

ದೇಶದಲ್ಲಿ ಇಷ್ಟು ಜನರಿಗೆ ಸಕ್ಕರೆ ಕಾಯಿಲೆ ಎಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. ಯಾರನ್ನು ನೋಡಿ ಆ ಲೆಕ್ಕ ಮಾಡಿದರು? ಸಂಶೋಧನಾ ಲೇಖನಗಳಲ್ಲಿ ಸಾಮಾನ್ಯವಾಗಿ ಮೊದಲ ಕೋಷ್ಟಕ ಅದನ್ನು ಹೇಳುತ್ತದೆ: ವಯಸ್ಸು, ಗಂಡು-ಹೆಣ್ಣು, ಓದು, ವರಮಾನ, ತೂಕ, ರಕ್ತದೊತ್ತಡ. ಪತ್ರಿಕೆಯವರು ಈ ಪುಟವನ್ನು ಹಾರಿಸಿಬಿಡುತ್ತಾರೆ, ಪಾಪ, ಅವರಿಗೂ ಜಾಗ ಕಡಿಮೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನವನ್ನೇ ನೋಡಿ. 2008ರಿಂದ 2020ರವರೆಗೆ, 20 ವರ್ಷ ತುಂಬಿದ 1,13,043 ಜನರನ್ನು ಪರೀಕ್ಷಿಸಿದರು. ಅದರಲ್ಲಿ 79,506 ಮಂದಿ ಹಳ್ಳಿಯವರು. ಶೇಕಡಾ 11.4 ಜನರಿಗೆ ಮಧುಮೇಹ, ಶೇಕಡಾ 35.5 ಜನರಿಗೆ ಏರು ರಕ್ತದೊತ್ತಡ. ಒಂದು ಮನೆಯಿಂದ ಒಬ್ಬರೇ, ಅದೂ ಮನೆಮಂದಿಯ ಪಟ್ಟಿ ಮಾಡಿ ಆರಿಸಿದವರು. ಹಾಗೆ ಆರಿಸದಿದ್ದರೆ ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆಯುವ ಗೃಹಿಣಿಯರು, ನಿವೃತ್ತರೇ ಲೆಕ್ಕದಲ್ಲಿ ತುಂಬಿ, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋದವರು ಬಿಟ್ಟುಹೋಗುತ್ತಾರೆ.

ಇನ್ನೊಂದು ತೊಡಕು ನಮ್ಮೂರಿನದೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆಂಧ್ರದಲ್ಲಿ ನಡೆದದ್ದು 2019ರಲ್ಲಿ. ಆಗ ರಾಜ್ಯಕ್ಕೆ 13 ಜಿಲ್ಲೆ. ವಿಶಾಖಪಟ್ಟಣ ಜಿಲ್ಲೆ ಎಂದರೆ ಬೀಚ್ ರಸ್ತೆಯ ಅಪಾರ್ಟ್‌ಮೆಂಟೂ ಸೇರಿತ್ತು, ಪಾಡೇರು ಬೆಟ್ಟದ ಗಿರಿಜನರ ಹಾಡಿಯೂ ಸೇರಿತ್ತು. ವಿಜಯವಾಡ ಕೃಷ್ಣಾ ಜಿಲ್ಲೆಯೊಳಗಿತ್ತು. 2022ರ ಏಪ್ರಿಲ್ 4ರಂದು ಜಿಲ್ಲೆಗಳು 26 ಆದವು. ಪಾಡೇರು ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಹೋಯಿತು, ವಿಜಯವಾಡ ಎನ್‌ಟಿಆರ್ ಜಿಲ್ಲೆಯ ಕೇಂದ್ರವಾಯಿತು. ಜಿಲ್ಲೆಯ ಹಳೆಯ ಅಂಕಿಯನ್ನು ಇವತ್ತಿನ ಊರಿಗೆ ಹಾಗೇ ಅಂಟಿಸಿದರೆ ತಪ್ಪುತ್ತದೆ. ಸೊಂಟ ಬೆಳೆದವರನ್ನೂ ಹೊಟ್ಟೆಗೆ ಸಾಲದವರನ್ನೂ ಕೂಡಿಸಿ ಭಾಗಿಸಿದರೆ ಬರುವ ಸರಾಸರಿಯಲ್ಲಿ ಇಬ್ಬರ ಕಷ್ಟವೂ ಕಾಣುವುದಿಲ್ಲ.

ಅದೇ ಸಮೀಕ್ಷೆಯಲ್ಲಿ ದೇಶಾದ್ಯಂತ ಸಂದರ್ಶನ ಕೊಟ್ಟ ಹೆಂಗಸರು 7,24,115, ಗಂಡಸರು 1,01,839. ಹೆಂಗಸರ ಸಂದರ್ಶನ 49ನೇ ವಯಸ್ಸಿಗೆ ನಿಲ್ಲುತ್ತದೆ. ರಕ್ತದೊತ್ತಡ, ಸಕ್ಕರೆಯನ್ನು ಮಾತ್ರ 15 ದಾಟಿದ ಎಲ್ಲರಿಗೂ ನೋಡಿದರು, ಅಷ್ಟು ಸಮಾಧಾನ.

ಹೀಗಾಗಿ ನಾಳೆ ಸಮೀಕ್ಷೆಯವರು ನಿಮ್ಮ ಬಾಗಿಲಿಗೆ ಬಂದಾಗ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಮ್ಮನನ್ನು ಒಳಗೆ ಕೂರಿಸಬೇಡಿ. ಪಕ್ಕದಲ್ಲಿ ಕೂತು ತೆಲುಗಿಗೆ ಹೇಳಿ, ಉತ್ತರ ಅವರದ್ದೇ ಇರಲಿ. ಅರವತ್ತಮೂರನ್ನು ಅರವತ್ತು ಮಾಡಬೇಡಿ. ಮಾತ್ರೆಯ ಡಬ್ಬಿ ತಂದಿಡಿ. ಒಪ್ಪಿಗೆ ಪತ್ರ ಓದಿಸಿಕೊಳ್ಳಿ, ಬೇಡವೆನ್ನುವ ಹಕ್ಕೂ ನಿಮಗಿದೆ. ಯಾರಾದರೂ ಒಟಿಪಿ ಕೇಳಿದರೆ ಮಾತ್ರ ಬಾಗಿಲು ಹಾಕಿಕೊಳ್ಳಿ.