ಗಂಜಿ ಹಾಕಿದ ಖಾಕಿ



ಒಂದು ಕಾಲಕ್ಕೆ ಭಾನುವಾರ ಬೆಳಗಿನ ಜಾವ ನಮ್ಮ ಹಾಸನ ಜಿಲ್ಲೆಯ ಬಾಣಾವರದಿಂದ ಅರಸೀಕೆರೆಗೆ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ನೀವು ಓಡಾಡಿದ್ದರೆ, ಖಾಕಿ ತೊಟ್ಟ ನಾಲ್ಕಾರು ಹುಡುಗರು ಬಾಗಿಲ ಬಳಿ ನಿಂತೇ ಬರುತ್ತಿದ್ದುದನ್ನು ಕಂಡಿರುತ್ತೀರಿ. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಕೂತರೆ ಇಸ್ತ್ರಿ ಮುರಿಯುತ್ತದೆ. ಆ ಹುಡುಗರಲ್ಲಿ ನಾನೂ ಒಬ್ಬ. ಶನಿವಾರ ರಾತ್ರಿ ಅಮ್ಮ ಅನ್ನ ಬಸಿದ ಗಂಜಿಯನ್ನು ತೆಗೆದಿಡುತ್ತಿದ್ದಳು. ಅದನ್ನು ನೀರು ಮಾಡಿ, ಬಟ್ಟೆಯಲ್ಲಿ ಸೋಸಿ, ಖಾಕಿಯನ್ನು ಅದರಲ್ಲಿ ಅದ್ದಿ, ಅರೆಬರೆ ಒಣಗಿದಾಗ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಳೆಯಬೇಕು. ಪೂರ್ತಿ ಒಣಗಿದರೆ ಗೀರು ನಿಲ್ಲುವುದಿಲ್ಲ. ಬೆಲ್ಟಿನ ಹಿತ್ತಾಳೆಗೆ ಬ್ರಾಸೊ, ಬೂಟಿಗೆ ಚೆರ್ರಿ ಬ್ಲಾಸಮ್. ನಮ್ಮೂರಿನ ತೆಂಗಿನ ತೋಟದ ಮನೆಗಳಲ್ಲಿ ಎನ್‌ಸಿಸಿ ಎಂಬುದು ಮೊದಲು ಒಳಗೆ ಬಂದದ್ದು ಅಡುಗೆಮನೆಯ ಗಂಜಿಯ ಮೂಲಕ.

ಈ ಖಾಕಿ ಕಾಲೇಜಿನ ಅಂಗಳಕ್ಕೆ ಬಂದು ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಕೊರತೆ ಬಿದ್ದಾಗ, 1917ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ರಕ್ಷಣಾ ಕಾಯಿದೆಯಡಿ ಯೂನಿವರ್ಸಿಟಿ ಕೋರ್ ಎಂಬ ವಿದ್ಯಾರ್ಥಿ ದಳವನ್ನು ಕಟ್ಟಿತು. ಆ ಹೊತ್ತಿಗೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಒಂದೇ ವರ್ಷದ ಪ್ರಾಯ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಆಗ ಸಮುದ್ರದಾಚೆಯ ಮರಳುಗಾಡಿನಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಾಳಿಯಲ್ಲಿ ಅವರೂ ಇದ್ದರು. 1920ರ ಕಾಯಿದೆಯಿಂದ ಯೂನಿವರ್ಸಿಟಿ ಕೋರ್ ಹೋಗಿ ಯೂನಿವರ್ಸಿಟಿ ಟ್ರೇನಿಂಗ್ ಕೋರ್ ಬಂತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅದೇ ಯೂನಿವರ್ಸಿಟಿ ಆಫೀಸರ್ಸ್ ಟ್ರೇನಿಂಗ್ ಕೋರ್ ಆಯಿತು. ಹೆಸರು ಬದಲಾದರೂ ಉದ್ದೇಶ ಬದಲಾಗಲಿಲ್ಲ. ಸಾಮ್ರಾಜ್ಯಕ್ಕೆ ಆಳು ಬೇಕಿತ್ತು. ಅದೇ 1942ರಲ್ಲಿ ಕಾಲೇಜು ಬಿಟ್ಟು ಬೀದಿಗಿಳಿದು ಚಲೇಜಾವ್ ಕೂಗಿದ ವಿದ್ಯಾರ್ಥಿಗಳಿಗೆ ಆ ಖಾಕಿಯ ಮೇಲೆ ಪ್ರೀತಿ ಹುಟ್ಟದಿದ್ದುದು ಸಹಜವೇ.

ನಿಜವಾದ ತಿರುವು ಬಂದದ್ದು 1946ರಲ್ಲಿ. ಪಂಡಿತ್ ಹೃದಯನಾಥ ಕುಂಜ್ರು ಅವರ ಸಮಿತಿ ರಚನೆಯಾಗಿ, ಇಡೀ ದೇಶಕ್ಕೆ ಒಂದೇ ವಿದ್ಯಾರ್ಥಿ ದಳ ಬೇಕೆಂದು ಮರುವರ್ಷ ವರದಿ ಕೊಟ್ಟಿತು. 1948ರ ಏಪ್ರಿಲ್ 16ರಂದು ಎನ್‌ಸಿಸಿ ಕಾಯಿದೆಗೆ ಅಂಕಿತ ಬಿತ್ತು, ಜುಲೈ 15ರಂದು ದಳ ಹುಟ್ಟಿತು. ಅದರ ಮೊದಲ ನಿರ್ದೇಶಕರು ಕರ್ನಲ್ ಗೋಪಾಲ್ ಗುರುನಾಥ್ ಬೇವೂರ್. ಮುಂದೆ ಭೂಸೇನೆಯ ಮುಖ್ಯಸ್ಥರಾದವರು ಅವರೇ. ಎನ್‌ಸಿಸಿಗೆ ವರ್ಷ ತುಂಬುವ ಮೊದಲೇ, 1949ರ ಜನವರಿ 15ರಂದು, ನಮ್ಮ ನೆರೆಯ ಕೊಡಗಿನ ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದೇ ವರ್ಷ ಎನ್‌ಸಿಸಿಯಲ್ಲಿ ಹುಡುಗಿಯರ ವಿಭಾಗವೂ ಶುರುವಾಯಿತು.

1948ರ ಆ ಕಾಯಿದೆಯಲ್ಲಿ ಒಂದು ಮಾತಿದೆ. ನನ್ನ ಮಟ್ಟಿಗೆ ಎನ್‌ಸಿಸಿಯ ಜೀವ ಇರುವುದೇ ಅದರಲ್ಲಿ. ಕೆಡೆಟ್ ಆದವರು ಯುದ್ಧಕ್ಕೆ ಹೋಗಲೇಬೇಕೆಂಬ ಹೊಣೆ ಇಲ್ಲ. ಬ್ರಿಟಿಷರು ಆಳು ಬೇಕೆಂದು ಕಟ್ಟಿದ ದಳವನ್ನು ಸ್ವತಂತ್ರ ಭಾರತ ಮನುಷ್ಯರನ್ನು ತಯಾರು ಮಾಡಲು ಇಟ್ಟುಕೊಂಡಿತು. ಮನಸ್ಸಿದ್ದವನು ಬರಲಿ, ಕಲಿಯಲಿ, ಆಮೇಲೆ ಸೇನೆಗಾದರೂ ಹೋಗಲಿ, ತೋಟಕ್ಕಾದರೂ ಹೋಗಲಿ.

ಒಮ್ಮೆ ಮಾತ್ರ ಈ ದಾರಿ ತಪ್ಪಿತು. 1962ರ ಚೀನಾ ಯುದ್ಧದ ನೋವು ಹಸಿಯಾಗಿದ್ದಾಗ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು. ನಮ್ಮ ಸೋದರಮಾವ ಆ ಕಾಲದವರು. ಮೈದಾನ ತುಂಬ ಜನ, ಆದರೆ ಹಾಜರಿ ಕೂಗಿದರೆ ಒಬ್ಬನೇ ನಾಲ್ವರ ಪರವಾಗಿ ಓ ಅನ್ನುತ್ತಿದ್ದ ಎಂದು ಅವರು ಬೇಸರದಿಂದ ಹೇಳುತ್ತಿದ್ದರು. 1968ರಲ್ಲಿ ಕಡ್ಡಾಯ ಹೋಯಿತು, 1969ರಲ್ಲಿ ಗಾಂಧಿ ಶತಾಬ್ದಿಯ ಹೊತ್ತಿಗೆ ಎನ್‌ಎಸ್‌ಎಸ್ ಎಂಬ ರಾಷ್ಟ್ರೀಯ ಸೇವಾ ಯೋಜನೆ ಬಂತು. ಸೇವೆಗೆ ಎರಡು ಬಾಗಿಲಾದವು. ಕಡ್ಡಾಯ ಮಾಡಿದರೆ ತಲೆಗಳನ್ನು ಎಣಿಸಬಹುದು, ಶಿಸ್ತನ್ನು ಹುಟ್ಟಿಸಲಾಗದು. ಐದು ವರ್ಷದಲ್ಲಿ ದೇಶ ಅದನ್ನು ಕಂಡುಕೊಂಡಿತು. ಯುದ್ಧಕ್ಕೆ ಹೋಗುವ ಹೊಣೆ ಇಲ್ಲದಿದ್ದರೂ 1965 ಮತ್ತು 1971ರ ಯುದ್ಧಗಳಲ್ಲಿ ಕೆಡೆಟ್‌ಗಳು ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ದುಡಿದರು, ಗಡಿಗೆ ಮದ್ದುಗುಂಡು ಸಾಗಿಸಲು ನೆರವಾದರು, ಶತ್ರುವಿನ ಪ್ಯಾರಾಟ್ರೂಪರ್‌ಗಳನ್ನು ಹಿಡಿಯಲು ಕಾವಲು ತಿರುಗಿದರು.

ನಾನು ಸೇರುವ ಹೊತ್ತಿಗೆ ಮನಸ್ಸಿದ್ದವರೇ ಉಳಿದಿದ್ದರು. ಕಾಲೇಜಿನ ಪೂರ್ಣ ಕಂಪನಿ ಎಂದರೆ ಸಾಮಾನ್ಯವಾಗಿ 160 ಕೆಡೆಟ್‌ಗಳು, ಅದರೊಳಗೆ ಮೂರು ಪ್ಲಟೂನ್. ನಮಗೆ ಕಲಿಸಲು ಬರುತ್ತಿದ್ದ ಸೇನೆಯ ಹವಾಲ್ದಾರರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್. ನಮ್ಮಲ್ಲಿ ಎಷ್ಟೋ ಜನರ ಬಾಯಿಗೆ ಹಿಂದಿ ಬಂದದ್ದು ಹೀಗೆ, ಮೊದಲು ಕಾಲಿಗೆ ಬಂದು ಆಮೇಲೆ ನಾಲಿಗೆಗೆ. ಮಾಲೇಕಲ್ ತಿರುಪತಿ ಬೆಟ್ಟದ ಮೆಟ್ಟಿಲನ್ನು ಓಡುತ್ತ ಹತ್ತಿಸುತ್ತಿದ್ದರು. ಹತ್ತಲಾರದೆ ಕೂತವನನ್ನು ಬಿಟ್ಟು ಮೇಲೆ ಹೋದರೆ, ಹೋದವರಿಗೇ ಶಿಕ್ಷೆ. ಬೆಟ್ಟದ ತುದಿಗೆ ಯಾರು ಮೊದಲು ಹೋದರೆಂದು ಉಸ್ತಾದ್ ಒಂದು ದಿನವೂ ಕೇಳಲಿಲ್ಲ. ಎಲ್ಲರೂ ಬಂದರೇ ಎಂದಷ್ಟೇ ಕೇಳುತ್ತಿದ್ದರು.

ಫೈರಿಂಗ್ ದಿನ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಪಾಯಿಂಟ್ ಟೂಟೂ ರೈಫಲಿನಿಂದ ಐದು ಗುಂಡು ಹೊಡೆಯಬೇಕು. ಗುರಿಹಲಗೆಯ ನಡುವಿಗೆ ತಗಲಿತೇ ಎಂದು ನಾವು ಓಡಿಹೋಗಿ ನೋಡಿದರೆ, ಉಸ್ತಾದ್ ನೋಡುತ್ತಿದ್ದುದು ಐದೂ ತೂತು ಒಂದರ ಪಕ್ಕ ಒಂದು ಬಿದ್ದಿವೆಯೇ ಎಂದು. ಅದಕ್ಕೆ ಗ್ರೂಪಿಂಗ್ ಎಂದು ಹೆಸರು. ಗುರಿ ತಪ್ಪಿದ್ದರೆ ತಿದ್ದಬಹುದು, ಕೈ ನಡುಗಿದ್ದರೆ ಮೊದಲು ಉಸಿರು ಹಿಡಿಯುವುದನ್ನು ಕಲಿ ಎನ್ನುತ್ತಿದ್ದರು. ಪರೇಡ್ ಮುಗಿದ ಮೇಲೆ ಸಾಲಾಗಿ ಕೂತು ತಿನ್ನುತ್ತಿದ್ದ ಇಡ್ಲಿ, ಬಾಳೆಹಣ್ಣಿನ ರುಚಿ ನಮ್ಮ ಕಂಪನಿಯ ಯಾರಿಗೂ ಮರೆತಿಲ್ಲ. ಯಾರ ಮನೆ ಯಾವುದು, ಯಾವ ಜಾತಿ ಎಂದು ಆ ಸಾಲಿನಲ್ಲಿ ಕೇಳಿದವರಿಲ್ಲ.

ಒಂದು ಕ್ಯಾಂಪಿನ ಕೊನೆಯಲ್ಲಿ ನಮ್ಮನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ದರು. ಬೇಲೂರಿನಲ್ಲಿ ಹುಲಿಯನ್ನು ಇರಿಯುವ ಸಳನ ಮುಂದೆ ನಿಂತಾಗ ನಮ್ಮ ಮೇಷ್ಟ್ರು ಕಥೆ ಹೇಳಿದರು. ಸಳನೂ ಗುರುವಿನ ಮುಂದೆ ಕೂತಿದ್ದ ವಿದ್ಯಾರ್ಥಿಯೇ. ಸುದತ್ತ ಮುನಿ ‘ಹೊಯ್ ಸಳ’ ಎಂದಾಗ ಎದ್ದು ನಿಂತ ಹುಡುಗ. ಹಳೇಬೀಡಿನಲ್ಲಿ ಉಸ್ತಾದ್ ದೇವರ ಮೂರ್ತಿಗಳ ಕಡೆ ಹೋಗಲಿಲ್ಲ. ತಳದ ಪಟ್ಟಿಕೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಕುದುರೆಯಿಂದ ಕುದುರೆಗೆ ಬೆರಳಿಟ್ಟು ಅಳೆಯುತ್ತ, ‘ದಾಹಿನೆ ಸಜ್, ದೇಖೋ’ ಎಂದರು. ಪರೇಡಿನಲ್ಲಿ ಬಲಕ್ಕೆ ನೋಡಿ ಸಾಲು ಸರಿಮಾಡಿಕೊಳ್ಳುವ ಆಜ್ಞೆ ಅದು. ಎಷ್ಟೋ ಸಲ ನೋಡಿದ ಕಲ್ಲನ್ನು ಅಂದು ನಾನು ಮೊದಲ ಬಾರಿ ಕಂಡೆ.

ಅಲ್ಲೇ ಹೊಯ್ಸಳೇಶ್ವರ ಗುಡಿಯ ಬಳಿ ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ನೆನಪಿನದು. ಒಡೆಯನೊಂದಿಗೇ ಪ್ರಾಣ ಬಿಡುವ ವ್ರತ ತೊಟ್ಟವರನ್ನು ಗರುಡರು ಎನ್ನುತ್ತಿದ್ದರು. ರಾಜ ತೀರಿದ ಮೇಲೆ ಲಕ್ಷ್ಮ, ಅವನ ಹೆಂಡತಿ, ಅವನ ಯೋಧರು ಬದುಕಿ ಉಳಿಯಲಿಲ್ಲ. ತಮ್ಮ ತಲೆ ತಾವೇ ಅರಿದುಕೊಳ್ಳುವ ವೀರರನ್ನು ಆ ಕಂಬದಲ್ಲಿ ಕಡೆದಿದ್ದಾರೆ. ಆ ನಿಷ್ಠೆಗೆ ನಾನು ಕೈಮುಗಿಯುತ್ತೇನೆ. ಆದರೆ ಅದು ಒಬ್ಬ ಮನುಷ್ಯನಿಗೆ ಕೊಟ್ಟ ಮಾತು, ಅವನೊಂದಿಗೆ ಮುಗಿದುಹೋಯಿತು. ಕೆಡೆಟ್ ಕೊಡುವ ಮಾತು ದೇಶಕ್ಕೆ. ಅದಕ್ಕೆ ಬದುಕಿರಬೇಕು, ಮರಳಿ ಊರಿಗೆ ಬಂದು ದುಡಿಯಬೇಕು.

ನಮ್ಮ ಕಂಪನಿಯ ಹಳೆಯ ಪದ್ಧತಿಯೊಂದಿತ್ತು. ಕೊನೆಯ ಪರೇಡಿನ ದಿನ ಹಿರಿಯ ಅಂಡರ್ ಆಫೀಸರ್ ತನ್ನ ಸೀಟಿಯನ್ನು ಮುಂದಿನವನ ಕೊರಳಿಗೆ ಹಾಕಬೇಕು. ಭಾಷಣವಿಲ್ಲ, ಹಾರವಿಲ್ಲ. ಸೆಲ್ಯೂಟ್ ಹೊಡೆದು ಹಿಂದಿನ ಸಾಲಿಗೆ ಹೋಗಿ ನಿಂತರೆ ಮುಗಿಯಿತು. ಅಧಿಕಾರ ಬಿಡುವುದು ಹೇಗೆಂದು ನಾನು ಕಲಿತದ್ದು ಅಲ್ಲಿ. ಆ ಕಂಪನಿಯ ಕೆಲವರು ಸೇನೆಗೆ ಹೋದರು, ಹೆಚ್ಚಿನವರು ಮೇಷ್ಟ್ರಾದರು, ಕೊಬ್ಬರಿ ವ್ಯಾಪಾರ ಹಿಡಿದರು, ತೋಟಕ್ಕೆ ಮರಳಿದರು. ಜಾತ್ರೆಯ ತೇರಿನ ದಿನ ಜನಜಂಗುಳಿಯಲ್ಲಿ ಹಗ್ಗ ಹಿಡಿದು ಮಕ್ಕಳಿಗೆ ದಾರಿ ಮಾಡಿಕೊಡುವ ನಡುವಯಸ್ಸಿನವರನ್ನು ಕಂಡರೆ, ನಿಂತ ಭಂಗಿಯಲ್ಲೇ ಇವರು ನಮ್ಮವರೆಂದು ಗುರುತು ಹಿಡಿಯುತ್ತೇನೆ.

1948ರಲ್ಲಿ 20,000 ಕೆಡೆಟ್‌ಗಳಿಂದ ಹೊರಟ ದಳದಲ್ಲಿ ಈಗ 17 ಲಕ್ಷಕ್ಕೂ ಹೆಚ್ಚು ಮಂದಿಯಿದ್ದಾರೆ. ಎನ್‌ಸಿಸಿಯ ಸಿ ಸರ್ಟಿಫಿಕೇಟ್ ಪಡೆದವರಿಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನದ ಮೂಲಕ ಸೇನಾಧಿಕಾರಿಯಾಗುವ ದಾರಿಯೂ ಇದೆ, ಹುಡುಗಿಯರಿಗೂ ಇದೆ. ಆದರೂ ಮಗಳು ಖಾಕಿ ತೊಡುತ್ತೇನೆಂದರೆ, ಕ್ಯಾಂಪಿಗೆ ಹತ್ತು ದಿನ ಹೋಗುತ್ತೇನೆಂದರೆ ಬೇಡವೆನ್ನುವ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ಅಂಥ ಮನೆಯವರು ಈಗ ಕೇಳುತ್ತಿದ್ದರೆ ನನ್ನದೊಂದು ಕೋರಿಕೆ. ಕಾಲೇಜು ಶುರುವಾದ ಹೊಸದರಲ್ಲೇ ಎನ್‌ಸಿಸಿಗೆ ಸೇರಿಸಿಕೊಳ್ಳುತ್ತಾರೆ. ಅವಳನ್ನು ತಡೆಯಬೇಡಿ. ಶನಿವಾರ ರಾತ್ರಿ ಅವಳಿಗೊಂದು ಪಾತ್ರೆ ಗಂಜಿ ಎತ್ತಿಡಿ.