ಸಮಾಲೋಚನೆಯ ಕೊಠಡಿ ಮತ್ತು ಗುಟ್ಟಿನ ಮಾತು

(ಶತಮಾನೋತ್ಸವದ ಹೆತ್ತವರ ಸಮಾವೇಶದಲ್ಲಿ ಹಳೆ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಇದೇ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಈಗ ಕಾಸರಗೋಡಿನಲ್ಲಿ ಸ್ವಂತವಾಗಿ ಆಪ್ತ ಸಮಾಲೋಚನೆ ನಡೆಸುತ್ತಿದ್ದೇನೆ. ಹೆತ್ತವರು ನನ್ನಲ್ಲಿ ಪದೇಪದೇ ಕೇಳುವ ಪ್ರಶ್ನೆ ಒಂದೇ: “ಒಳಗೆ ನಮ್ಮ ಮಗು ಏನು ಹೇಳಿತು?” ನಾನು ಅದಕ್ಕೆ ಪೂರ್ಣ ಉತ್ತರ ಕೊಡುವುದಿಲ್ಲ. ಶುಲ್ಕ ಕೊಟ್ಟವರಿಗೆ ಕೋಪ ಬರುವುದು ಸಹಜ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ, ಮಾನಸಿಕ ಅಸ್ವಸ್ಥತೆಯುಳ್ಳವರ ಚಿಕಿತ್ಸೆಯ ವಿವರ ಗೌಪ್ಯವಾಗಿರುವುದು ಅವರ ಹಕ್ಕು. ಪರೀಕ್ಷೆಯ ಭಯವೋ ಮನೆಯ ಕಲಹವೋ ಕಾಯಿಲೆಯಲ್ಲ, ನಿಜ. ಆದರೆ ಅದನ್ನು ಹೇಳಿಕೊಳ್ಳಲು ಬಂದವರಿಗೂ ನಮ್ಮ ವೃತ್ತಿಧರ್ಮ ಅದೇ ರಕ್ಷಣೆಯನ್ನು ಕೊಡುತ್ತದೆ.

ನಮ್ಮಂತಹ ಊರಿನಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ನನ್ನ ಮೆಟ್ಟಿಲು ಹತ್ತಿದವರನ್ನು ಎದುರಿನ ಅಂಗಡಿಯವರು ಗುರುತಿಸುತ್ತಾರೆ. ಬಯಲಾಟದ ಚೆಂಡೆಗಿಂತ ದೂರಕ್ಕೆ ಸುದ್ದಿ ಕೇಳಿಸುತ್ತದೆ. ವೃತ್ತಿಯ ಆರಂಭದಲ್ಲಿ ನಾನೇ ತಪ್ಪಿದ್ದೇನೆ. ಗುರುತಿನ ವಿವರಗಳನ್ನು ಬದಲಿಸಿ ಹೇಳುತ್ತೇನೆ. ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪರಿಚಿತ ಮುಖ ಕಂಡ ಸಂತೋಷಕ್ಕೆ, “ಈಗ ನಿದ್ದೆ ಬರುತ್ತದೆಯೇ?” ಎಂದು ಕೇಳಿಬಿಟ್ಟೆ. ಆಕೆಯ ಪಕ್ಕದಲ್ಲಿ ಅತ್ತೆ ಕುಳಿತಿದ್ದರು. ಆಕೆ ಮತ್ತೆ ಬರಲಿಲ್ಲ. ಫೋನಿನಲ್ಲಿ ಕ್ಷಮೆ ಕೇಳೋಣವೆಂದರೆ, ಆ ಕರೆಯನ್ನು ಮನೆಯಲ್ಲಿ ಯಾರು ಎತ್ತುವರೋ ಎಂಬ ಅಂಜಿಕೆ. ಈಗ ಎಲ್ಲರಿಗೂ ಮೊದಲ ದಿನವೇ ತಿಳಿಸುತ್ತೇನೆ: ಹೊರಗೆ ಕಂಡರೆ ನಾನಾಗಿ ಮಾತನಾಡಿಸುವುದಿಲ್ಲ, ನೀವು ನಕ್ಕರೆ ನಾನೂ ನಗುವೆ. ಜಂಬದವಳೆಂಬ ಹೆಸರು ಬಂದಿದೆ, ಇರಲಿ.

ಗಡಿನಾಡಿನ ಇನ್ನೊಂದು ಕಷ್ಟ ಭಾಷೆಯದು. ಕನ್ನಡವೋ ತುಳುವೋ ಮಾತ್ರ ಬಲ್ಲ ಹೆಂಗಸು ಮಲಯಾಳ ಮಾತ್ರ ಬಲ್ಲ ಸಮಾಲೋಚಕರ ಬಳಿಗೆ ಹೋಗುವಾಗ ಮೈದುನನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯುತ್ತಾಳೆ. ಮನೆಯ ಸಂಕಟವನ್ನು ಹೇಳಲು ಹೋದವಳಿಗೆ ಮನೆಯವರೇ ದುಭಾಷಿ! ಅಲ್ಲಿ ಬಾಗಿಲು ಮುಚ್ಚಿದರೂ ಗುಟ್ಟು ಉಳಿಯುವುದೆಲ್ಲಿ? ಈ ಶಾಲೆಯಿಂದ ಹೊರಡುವ ಮಕ್ಕಳಲ್ಲಿ ಕೆಲವರಾದರೂ ಈ ವೃತ್ತಿಗೆ ಬರಬೇಕೆಂಬ ನನ್ನ ಆಸೆಗೆ ಇದೇ ಕಾರಣ.

ಗೌಪ್ಯತೆಗೆ ಎಲ್ಲೆಯೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ, 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮರ್ಯಾದೆಯ ಮಾತು ಅಲ್ಲಿ ನಡೆಯದು. ಈ ಹೊಣೆ ಅಧ್ಯಾಪಕರಿಗೂ ಉಂಟು. ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ಹೆತ್ತವರಿಗೆ ತಿಳಿಸುತ್ತೇನೆ. ಆದ್ದರಿಂದ, ಅಧ್ಯಾಪಕ ಬಂಧುಗಳೇ, ಅಳುತ್ತಾ ಬಂದ ಮಗುವಿಗೆ “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬೇಡಿ. ಯಾವುದನ್ನು ಹೇಳಬೇಕಾಗುತ್ತದೆ, ಯಾರಿಗೆ ಎಂಬುದನ್ನು ಮೊದಲೇ ತಿಳಿಸಿಬಿಡಿ.

ಹಾಗೆ ತಿಳಿಸಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುವುದಿಲ್ಲವೇ ಎಂದು ಕೇಳುವಿರಿ. ಕೆಲವೊಮ್ಮೆ ಹೌದು. ಒಬ್ಬ ಹುಡುಗ ಎರಡು ಭೇಟಿಗಳುದ್ದಕ್ಕೂ ಫ್ಯಾನನ್ನೇ ನೋಡುತ್ತಾ ಕುಳಿತಿದ್ದ. (ಈಗ ಅವನು ದೊಡ್ಡವನು, ಅವನ ಒಪ್ಪಿಗೆ ಪಡೆದೇ ಇಷ್ಟನ್ನು ಹೇಳುತ್ತಿದ್ದೇನೆ.) ಮೂರನೆಯ ಬಾರಿ ಬಂದವನು ಕೇಳಿದ: “ಅಮ್ಮನಿಗೆ ಹೇಳುವಾಗ ನಾನೂ ಇರಬಹುದೇ?” ಇರಬಹುದು ಎಂದೆ. ತಾಯಿಯನ್ನು ಒಳಗೆ ಕರೆದೆವು. ಅಂದು ಹೇಳಿದವನು ಅವನೇ. ನಾನು ಪಕ್ಕದಲ್ಲಿ ಕುಳಿತಿದ್ದೆನಷ್ಟೆ. ಏನು ಹೇಳಿದನೆಂಬುದಕ್ಕೆ ಒಪ್ಪಿಗೆ ಕೊಟ್ಟಿಲ್ಲ.