ಓಯಿವಾಳಿಂದ ಸದಾಕೋವರೆಗೆ



ಬಿಳಿಯ ಶವವಸ್ತ್ರವನ್ನುಟ್ಟು, ಕರಿಯ ಕೇಶರಾಶಿಯನ್ನು ಮುಖದ ಮೇಲೆ ಇಳಿಬಿಟ್ಟು, ಜಪಾನೀ ಭಯಾನಕ ಚಿತ್ರಗಳಲ್ಲಿ ಮತ್ತೆ ಮತ್ತೆ ಮೈದೋರುವ ಹೆಣ್ಣು ಪ್ರೇತವನ್ನು ಆ ದೇಶದವರು ಓನ್‌ರ್ಯೋ ಎಂದು ಕರೆಯುತ್ತಾರೆ. ಅನ್ಯಾಯಕ್ಕೀಡಾಗಿ ಮಡಿದು, ಆ ಅನ್ಯಾಯದ ವಿಚಾರಣೆ ಈ ಲೋಕದಲ್ಲಿ ನಡೆಯದ ಕಾರಣದಿಂದಲೇ ಮರಳಿ ಬಂದ ಜೀವವದು. ಆಕೆಯನ್ನು ಪ್ರೇಕ್ಷಕರ ಎದೆ ನಡುಗಿಸುವ ಉಪಕರಣಮಾತ್ರವೆಂದು ಬಗೆಯುವವರು ಆಕೆಯ ಪೂರ್ವವೃತ್ತಾಂತವನ್ನು ಅರಿಯದವರೆಂದೇ ನನ್ನ ಭಾವನೆ.

ಈ ಪರಂಪರೆಯಲ್ಲಿ ಅಗ್ರಗಣ್ಯಳಾದವಳು ಓಯಿವಾ. ನಾಲ್ಕನೆಯ ತ್ಸುರುಯಾ ನಂಬೊಕು ರಚಿಸಿದ, 1825ರಲ್ಲಿ ಎದೋ ನಗರದ ನಕಮುರಾ ರಂಗಶಾಲೆಯಲ್ಲಿ ಮೊದಲು ಪ್ರಯೋಗಗೊಂಡ ‘ಯೊತ್ಸುಯಾ ಕೈದಾನ್’ ಎಂಬ ಕಬುಕಿ ನಾಟಕದ ನಾಯಿಕೆ ಈಕೆ. ಬಾಣಂತಿಯಾಗಿ ಬಳಲುತ್ತಿದ್ದ ಇವಳಿಗೆ ನೆರೆಯ ಸಿರಿವಂತರು, ಇವಳ ಗಂಡ ಇಯೆಮೊನನನ್ನು ತಮ್ಮ ಮನೆಯ ಕನ್ಯೆಗೆ ವರನನ್ನಾಗಿ ಪಡೆಯುವ ದುರಾಲೋಚನೆಯಿಂದ, ಔಷಧವೆಂದು ಹೇಳಿ ವಿಷಚೂರ್ಣವನ್ನು ಕಳುಹಿಸುತ್ತಾರೆ. ಆಕೆಯಾದರೋ ಕೊಟ್ಟವರ ಔದಾರ್ಯಕ್ಕೆ ಮನಸಾರೆ ಕೃತಜ್ಞಳಾಗಿ, ಒಂದು ಕಣವೂ ವ್ಯರ್ಥವಾಗದಂತೆ ಅದನ್ನು ಸೇವಿಸುತ್ತಾಳೆ. ಮುಖ ವಿರೂಪಗೊಂಡು, ನಡೆದ ವಂಚನೆ ತಿಳಿದ ಮೇಲೂ, ಆ ಮನೆಗೆ ಹೋಗಿ ಎದುರುನಿಂತು ಕೇಳಬೇಕೆಂದು ನಿಶ್ಚಯಿಸಿದ ಓಯಿವಾ, ಗೃಹಿಣಿಯ ಮರ್ಯಾದೆಗೆ ತಕ್ಕಂತೆ ಹಲ್ಲಿಗೆ ಕಪ್ಪು ಬಳಿದುಕೊಂಡು ತಲೆ ಬಾಚಲು ಕುಳಿತರೆ, ಬಾಚಣಿಗೆಯೊಡನೆ ಕೂದಲು ರಕ್ತಸಿಕ್ತವಾಗಿ ರಾಶಿರಾಶಿಯಾಗಿ ಕಿತ್ತುಬರುತ್ತದೆ. ಹೊಸ್ತಿಲು ದಾಟುವ ಮೊದಲೇ ಅವಳ ಪ್ರಾಣ ಹೋಗುತ್ತದೆ. ಬದುಕಿದ್ದಾಗ ಆಡಲಾಗದೆ ಹೋದ ಆ ಮಾತನ್ನು ಆಡುವುದಕ್ಕಾಗಿಯೇ ಅವಳು ಪ್ರೇತವಾಗುತ್ತಾಳೆಂದು ನಾನು ತಿಳಿದಿದ್ದೇನೆ. 1959ರಲ್ಲಿ ನೊಬುವೊ ನಕಗಾವಾ ಈ ಕಥೆಯನ್ನು ವರ್ಣಚಿತ್ರವಾಗಿ ನಿರ್ಮಿಸಿದಾಗ, ಬಾಗಿಲ ಹಲಗೆಗೆ ಮೊಳೆ ಹೊಡೆದು ನೀರಿಗೆ ನೂಕಿದ ಆ ದೇಹ ಅಪರಾಧಿಯ ಕಣ್ಮುಂದೆ ಮೇಲೆದ್ದು ಬರುವ ದೃಶ್ಯವನ್ನು ಯಾರೂ ಬೇಗನೆ ಮರೆಯಲಾರದಂತೆ ಚಿತ್ರಿಸಿದರು.

ಇಲ್ಲಿ ಅಪರಾಧಿ ಯಾರೆಂಬುದು ಓಯಿವಾಳಿಗೆ ಗೊತ್ತು. ಆದರೆ 1968ರಲ್ಲಿ ಕನೆಟೊ ಶಿಂದೊ ನಿರ್ದೇಶಿಸಿದ ‘ಕುರೊನೆಕೊ’ದಲ್ಲಿ, ಅಲೆಮಾರಿ ಯೋಧರಿಂದ ಮಾನಭಂಗಕ್ಕೊಳಗಾಗಿ ಹತರಾದ ಅತ್ತೆ ಸೊಸೆಯರು ಒಬ್ಬನನ್ನಲ್ಲ, ಇಡೀ ಸಮುರಾಯಿ ಕುಲವನ್ನೇ ಬಲಿ ತೆಗೆದುಕೊಳ್ಳುವ ಶಪಥ ಮಾಡುತ್ತಾರೆ; ಯುದ್ಧದಿಂದ ಹಿಂದಿರುಗಿದ ಅವರ ಮನೆಯ ಮಗನೇ ಸಮುರಾಯಿಯಾಗಿ, ಆ ಪ್ರೇತಗಳನ್ನು ಸಂಹರಿಸುವ ಆಜ್ಞೆಯನ್ನು ಹೊತ್ತು ಬರುತ್ತಾನೆ. ಶಪಥಕ್ಕೆ ತಪ್ಪಿದರೆ ನರಕವೇ ಗತಿಯೆಂದು ಬಲ್ಲ ಸೊಸೆ, ಗಂಡನನ್ನು ಕೊಲ್ಲದೆ ಏಳು ರಾತ್ರಿ ಅವನೊಡನಿದ್ದು ಅನಂತರ ನರಕಕ್ಕೆ ಇಳಿಯುತ್ತಾಳೆ. ಭಯಾನಕ ರಸದ ನಡುವೆ ಕರುಣರಸ ಇಷ್ಟು ಗಾಢವಾಗಿ ಹರಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ.

1998ರಲ್ಲಿ ಹಿದೆಯೊ ನಕಾತಾ ಅವರ ‘ರಿಂಗು’ ಬಂತು. ಕೊಜಿ ಸುಜುಕಿಯವರ 1991ರ ಕಾದಂಬರಿ ಅದಕ್ಕೆ ಆಧಾರ. ಚಿತ್ರದಲ್ಲಿ ಅತೀಂದ್ರಿಯ ಶಕ್ತಿಯುಳ್ಳ ಶಿಜುಕೊ ಎಂಬ ತಾಯಿಯನ್ನು ಪತ್ರಕರ್ತರು ತುಂಬಿದ ಸಭೆ ಮೋಸಗಾತಿಯೆಂದು ನಿಂದಿಸುತ್ತದೆ. ಇದರ ಹಿಂದೆ ನಿಜವಾದ ಒಂದು ದುರಂತವಿದೆ: 1910ರಲ್ಲಿ ಮನಶ್ಶಾಸ್ತ್ರಜ್ಞ ಫುಕುರಾಯಿಯವರು ನಡೆಸಿದ ಪರೀಕ್ಷೆಗಳಿಗೆ ಒಳಗಾಗಿ, ವಂಚಕಿಯೆಂಬ ಅಪವಾದ ಹೊತ್ತ ಚಿಜುಕೊ ಮಿಫುನೆ ಮರುವರ್ಷವೇ ವಿಷ ಸೇವಿಸಿ ಪ್ರಾಣ ಬಿಟ್ಟಳು. ಚಿತ್ರದ ಶಿಜುಕೊ ಜ್ವಾಲಾಮುಖಿಗೆ ಹಾರುತ್ತಾಳೆ. ಮಗಳು ಸದಾಕೋ ಬಾವಿಯ ಪಾಲಾಗುತ್ತಾಳೆ. ನಿಂದಿಸಿದ್ದು ಒಂದು ಸಭೆಯಾದುದರಿಂದ ಶಾಪವೂ ಸಭೆಗೇ ತಟ್ಟಬೇಕಾಗಿ ಬಂತು. ಅವಳ ಶಾಪ ಹೊತ್ತ ವಿಡಿಯೊ ಸುರುಳಿಯನ್ನು ಸುಮ್ಮನೆ ನೋಡಿದವರೂ ಏಳು ದಿನಗಳಲ್ಲಿ ಸಾಯುತ್ತಾರೆ. ಸದಾಕೋ ಒಂದು ಮಾತನ್ನೂ ಆಡುವುದಿಲ್ಲ. ನಟಿಯನ್ನು ಹಿಮ್ಮುಖವಾಗಿ ನಡೆಸಿ ಚಿತ್ರಿಸಿ, ಆ ಪ್ರತಿಯನ್ನು ತಿರುಗುಮುರುಗಾಗಿ ಓಡಿಸಿ ಪಡೆದ ಅವಳ ವಿಲಕ್ಷಣ ಗತಿಯೇ ಅವಳ ವಾಣಿ. ಬಾವಿಗಿಳಿದ ನಾಯಿಕೆ ಆ ಅಸ್ಥಿಯನ್ನು ತಾಯಿಯಂತೆ ಅಪ್ಪಿಕೊಂಡರೂ ಶಾಪ ನಿಲ್ಲದಿರುವುದು ಚಿತ್ರದ ಅತ್ಯಂತ ದಿಟ್ಟ ಕಲ್ಪನೆ: ಒಬ್ಬರ ಕನಿಕರದಿಂದ ಒಂದು ಸಭೆಯ ಋಣ ತೀರುವಂತಿಲ್ಲ.

ತಕಾಶಿ ಶಿಮಿಜು ಅವರ ‘ಜು-ಆನ್’ ಮಾಲೆಯಲ್ಲಿ, ಗಂಡನ ಸಂಶಯಕ್ಕೆ ಬಲಿಯಾದ ಕಯಾಕೊ ತಾನು ಸತ್ತ ಮನೆಗೆ ಕಾಲಿಟ್ಟವರನ್ನೆಲ್ಲ ಹಿಡಿಯುತ್ತಾಳೆ. ಅವಳ ಗಂಟಲಿನಿಂದ ಹೊರಡುವುದು ಒಂದು ಗೊರಗೊರ ಸದ್ದು ಮಾತ್ರ.

2002ರಲ್ಲಿ ಅಮೆರಿಕದವರು ‘ರಿಂಗು’ವನ್ನು ತಮ್ಮದಾಗಿಸಿಕೊಂಡಾಗ ಬಾವಿಯನ್ನೂ ಕೂದಲನ್ನೂ ಉಳಿಸಿಕೊಂಡು, ಪತ್ರಕರ್ತರ ಆ ಸಭೆಯನ್ನು ಕೈಬಿಟ್ಟರು. ಆ ಬಾಲೆ ಹುಟ್ಟಿನಿಂದಲೇ ಕೇಡಿನವಳೆಂಬಂತೆ ತೋರುವ ಅಲ್ಲಿ ಭಯವೇನೋ ಇದೆ. ಆದರೆ ಆಕೆಯ ಕೋಪಕ್ಕೆ ತಾವೂ ಹೊಣೆಗಾರರೆಂದು ಪ್ರೇಕ್ಷಕರಿಗೆ ಅನ್ನಿಸಲು ಕಾರಣವೇ ಉಳಿಯದೆ ಹೋಯಿತು.